ವಿಮಾನದ ಹೋಲ್ಡ್‌ನಲ್ಲಿ ನಾಯಿ, ಬೆಕ್ಕು: ಕ್ರೇಟ್ ಅಳತೆಯಿಂದ ಮನೆ ಸೇರುವವರೆಗೆ

ನನ್ನ ನಾಯಿ ಚಿನ್ನುವನ್ನು ವಿಮಾನದ ಹೋಲ್ಡ್‌ನಲ್ಲಿ, ಅಂದರೆ ಕೆಳಗೆ ಸರಕು ತುಂಬುವ ಜಾಗದಲ್ಲಿ, ಕಳಿಸಲು ಮೊದಲ ಸಲ ಕಾರ್ಗೋ ಕೌಂಟರ್‌ನಲ್ಲಿ ಒಪ್ಪಿಸಿದ ದಿನ ನನಗೆ ಅಲ್ಲಿಂದ ಕಾಲೇ ಕೀಳಲಾಗಲಿಲ್ಲ. ಟ್ರಾಲಿ ಮೂಲೆ ತಿರುಗುವವರೆಗೂ ಕ್ರೇಟ್‌ನ, ಅಂದರೆ ಅವಳನ್ನು ಕೂರಿಸಿದ ಪೆಟ್ಟಿಗೆಯ, ಜಾಲರಿಗೆ ಒತ್ತಿಕೊಂಡ ಅವಳ ಕಪ್ಪು ಮೂಗು ಕಾಣುತ್ತಿತ್ತು. ಆಮೇಲೆ ವಿಮಾನ ಸ್ವಲ್ಪ ಅಲುಗಾಡಿದರೂ ನನ್ನ ಎದೆ ಧಸಕ್ ಅನ್ನುತ್ತಿತ್ತು. ಅವಳು ಮಾತ್ರ ಆರಾಮಾಗಿ ಬಂದಿಳಿದಳು, ಬಾಲ ಅಲ್ಲಾಡಿಸಿಕೊಂಡು.

ಅದಾದ ಮೇಲೆ ಅವಳನ್ನು ಇನ್ನೆರಡು ಸಲ, ಒಂದು ಬೆಕ್ಕನ್ನು ಒಂದು ಸಲ ಹೀಗೇ ಕರೆದೊಯ್ದಿದ್ದೇನೆ. ಅಷ್ಟರಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಹಾರುವಾಗ ಆಗುವ ತೊಂದರೆ ಕಡಿಮೆ, ನೆಲದ ಮೇಲೆ ಆಗುವುದೇ ಜಾಸ್ತಿ. ವಿಮಾನ ನಿಲ್ಲುವ ಕಡೆ ಬಿಸಿಲಿಗೆ ಕಾದ ಟಾರ್ಮ್ಯಾಕ್ ನೆಲದ ಮೇಲೆ ನಿಂತಿರುವಾಗ, ಕ್ರೇಟ್ ಬಾಗಿಲು ಸಡಿಲವಾದಾಗ, ಗಾಬರಿಯಾದ ಪ್ರಾಣಿ ಹಲ್ಲಿನಿಂದ ಜಾಲರಿ ಕಿತ್ತುಕೊಳ್ಳಲು ಹೋದಾಗ, ಒಂದು ಕಾಗದ ಕಡಿಮೆಯಾಗಿ ಗಂಟೆಗಟ್ಟಲೆ ಕಾಯಬೇಕಾದಾಗ. ಇವುಗಳಲ್ಲಿ ಹೆಚ್ಚಿನವನ್ನು ನಾವು ಮನೆಯಲ್ಲಿ ಕೂತೇ ತಪ್ಪಿಸಬಹುದು. ಅದಕ್ಕೆ ಬೇಕಾದ್ದು ಸಮಯ. ಹಾಗಾಗಿ ದಯವಿಟ್ಟು ಇದನ್ನು ಟಿಕೆಟ್ ತೆಗೆಯುವ ಮೊದಲು ಓದಿ.

ಹೋಲ್ಡ್ ಒಳಗೆ ನಿಜಕ್ಕೂ ಹೇಗಿರುತ್ತದೆ?

"ಕೆಳಗೆ ಗಾಳಿಯೇ ಇರಲ್ಲವಂತೆ, ಮಂಜುಗಡ್ಡೆ ತರ ಕೊರೆಯುತ್ತಂತೆ" ಅಂತ ಜನ ಹೆದರಿಸುತ್ತಾರೆ. ಹಾಗೇನಿಲ್ಲ. ಪ್ರಯಾಣಿಕರ ವಿಮಾನದಲ್ಲಿ ನಾವು ಕೂರುವ ಜಾಗಕ್ಕೂ ಕೆಳಗಿನ ಹೋಲ್ಡ್‌ಗೂ ಗಾಳಿಯ ಒತ್ತಡ ಒಂದೇ. ಮೇಲೆ ಹಾರುವಾಗ ಆ ಒತ್ತಡ ಕಡಿಮೆಯಾದರೂ ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ನಿಂತ ಹಾಗೆ ಇರುತ್ತದೆ. ಆರೋಗ್ಯವಾಗಿರುವ ನಾಯಿ, ಬೆಕ್ಕು ಅದನ್ನು ತಡೆದುಕೊಳ್ಳುತ್ತವೆ.

ಆದರೆ ಬಿಸಿ ಮಾಡುವ, ಗಾಳಿ ಆಡಿಸುವ ವ್ಯವಸ್ಥೆ ಎಲ್ಲ ವಿಮಾನಗಳ ಎಲ್ಲ ಹೋಲ್ಡ್‌ಗಳಲ್ಲೂ ಇರುವುದಿಲ್ಲ. ಪ್ರಾಣಿಗಳನ್ನು ಅದು ಇರುವ ಭಾಗದಲ್ಲೇ ಇಡುತ್ತಾರೆ. ಒಳಗೆ ಪ್ರಾಣಿ ಇದೆ, ಇಂಥ ಜಾಗದಲ್ಲಿದೆ ಅಂತ ಹೊರಡುವ ಮೊದಲು ಕ್ಯಾಪ್ಟನ್‌ಗೆ ಬರೆದು ತಿಳಿಸುತ್ತಾರೆ. ಈ ಪತ್ರಕ್ಕೆ ಸಿಬ್ಬಂದಿ ನೋಟಾಕ್ ಅನ್ನುತ್ತಾರೆ. ಡ್ರೈ ಐಸ್ ಹಾಕಿದ ಸರಕನ್ನು ಪ್ರಾಣಿಗಳಿಂದ ದೂರ ಇಡಬೇಕು, ಯಾಕೆಂದರೆ ಅದು ಕರಗುತ್ತಾ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆ ಲೆಕ್ಕವೆಲ್ಲ ಅವರದ್ದು.

ಇನ್ನು ಪ್ರಾಣಿಗೆ ಅನುಭವಕ್ಕೆ ಬರುವುದು ಕತ್ತಲೆ, ಎಂಜಿನ್ ಸದ್ದು, ಗೊತ್ತಿಲ್ಲದ ವಾಸನೆ. ಅಲ್ಲಿ ಅದಕ್ಕೆ ಪರಿಚಯದ್ದು ಅಂತ ಇರುವುದು ಒಂದೇ, ಅದರ ಕ್ರೇಟ್. ಕ್ರೇಟ್ ಬಗ್ಗೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಕಾರಣಕ್ಕೆ.

ಮೊದಲ ಪ್ರಶ್ನೆ: ಕಳಿಸಲೇಬೇಕಾ?

ಒಂದೆರಡು ವಾರದ ರಜೆಗೆ ಹೋಗುತ್ತಿದ್ದರೆ ಬೇಡ. ಪರಿಚಯದವರ ಮನೆಯಲ್ಲಿ ಬಿಟ್ಟು ಹೋಗಿ. ಊರು ಬಿಟ್ಟು ಊರಿಗೆ ಹೋಗಿ ನೆಲೆಸುವುದಾದರೆ ಮಾತು ಬೇರೆ.

ಚಪ್ಪಟೆ ಮೂಗಿನ ತಳಿಗಳ ವಿಷಯದಲ್ಲಿ ನಾನು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ: ಹೋಲ್ಡ್‌ನಲ್ಲಿ ಕಳಿಸಬೇಡಿ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಕ್ಸರ್, ಪೆಕಿನೀಸ್, ಶಿ ತ್ಸು, ಬೆಕ್ಕುಗಳಲ್ಲಿ ಪರ್ಷಿಯನ್, ಹಿಮಾಲಯನ್. ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಏದುಸಿರಿನಿಂದ. ಈ ತಳಿಗಳ ಮೂಗಿನ ಹೊಳ್ಳೆ ಕಿರಿದು, ಗಂಟಲ ದಾರಿಯೂ ಇಕ್ಕಟ್ಟು. ಸೆಕೆ ಮತ್ತು ಗಾಬರಿ ಒಟ್ಟಿಗೆ ಬಂದರೆ ಎಷ್ಟು ಏದುಸಿರು ಬಿಟ್ಟರೂ ಮೈ ತಣಿಯುವುದಿಲ್ಲ. ಎಷ್ಟೋ ಏರ್‌ಲೈನ್‌ಗಳು ಇವುಗಳನ್ನು ಹೋಲ್ಡ್‌ಗೆ ಸೇರಿಸುವುದೇ ಇಲ್ಲ. ಸೇರಿಸುವ ಕಡೆಯೂ ಕ್ರೇಟ್ ಶೇಕಡಾ 10ರಷ್ಟು ದೊಡ್ಡದಿರಬೇಕು ಅನ್ನುತ್ತಾರೆ.

ತೀರಾ ವಯಸ್ಸಾದವು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವು, ಗಬ್ಬವಾಗಿರುವವು, ಹಾಲು ಬಿಡದ ಮರಿಗಳು ಕೂಡ ಬೇಡ. ಎಂಟು ವಾರ ತುಂಬದ ಮರಿಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬಂಟಿಯಾಗಿ ಬಿಟ್ಟರೆ ಬಾಗಿಲು ಪರಚಿ ಉಗುರಲ್ಲಿ ರಕ್ತ ಬರಿಸಿಕೊಳ್ಳುವ ನಾಯಿಯೂ ಇದೇ ಪಟ್ಟಿಗೆ ಸೇರುತ್ತದೆ. ಅದಕ್ಕೆ ಮೊದಲು ಆ ಭಯ ಹೋಗಬೇಕು.

ಯಾವ ದಾರಿ, ಯಾವ ಫ್ಲೈಟ್

ಹೋಲ್ಡ್‌ನಲ್ಲಿ ಹೋಗಲು ಎರಡು ದಾರಿ ಇದೆ. ನೀವೂ ಅದೇ ವಿಮಾನದಲ್ಲಿದ್ದು, ನಿಮ್ಮ ಲಗೇಜ್ ಲೆಕ್ಕದಲ್ಲಿ ಪ್ರಾಣಿ ಹೋಗುವುದು ಒಂದು. ಅದರಷ್ಟಕ್ಕೇ ಏರ್‌ವೇ ಬಿಲ್, ಅಂದರೆ ವಿಮಾನ ಸರಕಿನ ರಸೀದಿ, ಮಾಡಿಸಿ ಸರಕಾಗಿ ಕಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕೆಲಸ ಸುಲಭ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಆಯ್ಕೆ ಯಾವಾಗಲೂ ನಿಮ್ಮದಲ್ಲ. ಬ್ರಿಟನ್‌ಗೆ ವಿಮಾನದಲ್ಲಿ ಬರುವ ನಾಯಿ, ಬೆಕ್ಕು ಸಾಮಾನ್ಯವಾಗಿ ಸರಕಾಗಿಯೇ ಬರಬೇಕು. ಆಸ್ಟ್ರೇಲಿಯಾಕ್ಕೂ ಹಾಗೇ.

ಟಿಕೆಟ್ ತೆಗೆಯುವ ಮೊದಲು ಏರ್‌ಲೈನ್‌ಗೆ ಫೋನ್ ಮಾಡಿ. ವೆಬ್‌ಸೈಟ್ ನೋಡಿದರೆ ಸಾಲದು. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತದೆ. ಚಿಕ್ಕ ವಿಮಾನದ ಹೋಲ್ಡ್ ಬಾಗಿಲೂ ಚಿಕ್ಕದು, ದೊಡ್ಡ ಕ್ರೇಟ್ ಅದರಲ್ಲಿ ನುಗ್ಗುವುದೇ ಇಲ್ಲ. ಹಾಗಾಗಿ ಕ್ರೇಟ್‌ನ ಹೊರ ಅಳತೆ, ಪ್ರಾಣಿಯ ತೂಕ, ತಳಿ ಮೂರನ್ನೂ ಹೇಳಿ, "ಈ ವಿಮಾನದಲ್ಲಿ ಈ ಕ್ರೇಟ್ ಹೋಗುತ್ತಾ?" ಅಂತ ನೇರವಾಗಿ ಕೇಳಿ. ಒಪ್ಪಿಗೆ ಬರಹದಲ್ಲಿ ಬರಲಿ. ಕೌಂಟರ್‌ನಲ್ಲಿ ಬೇರೊಬ್ಬರು ಇಲ್ಲ ಅಂದಾಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

ನಡುವೆ ವಿಮಾನ ಬದಲಾಯಿಸದೆ ಹೋಗುವ ಫ್ಲೈಟ್ ಸಿಕ್ಕರೆ ಜಾಸ್ತಿ ದುಡ್ಡಾದರೂ ಅದನ್ನೇ ಹಿಡಿಯಿರಿ. ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವಾಗಲೇ ಪ್ರಾಣಿ ಹೊರಗೆ ಹೆಚ್ಚು ಹೊತ್ತು ಕಾಯುವುದು. ಬೇಸಿಗೆಯಾದರೆ ರಾತ್ರಿ ಅಥವಾ ಬೆಳಗಿನ ಜಾವದ ಫ್ಲೈಟ್, ಕೊರೆಯುವ ಚಳಿಯಾದರೆ ಮಧ್ಯಾಹ್ನದ್ದು. ಇಳಿಯುವ ಊರಿನ ಹವಾಮಾನವನ್ನೂ ನೋಡಿ, ಜನ ಇದನ್ನು ಮರೆಯುತ್ತಾರೆ. ನೆಲದ ಮೇಲಿನ ತಾಪಮಾನ ಸುಮಾರು 29 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ 7 ಡಿಗ್ರಿಗಿಂತ ಇಳಿದರೆ ಪ್ರಾಣಿಗಳನ್ನು ಹತ್ತಿಸಿಕೊಳ್ಳದ ಏರ್‌ಲೈನ್‌ಗಳಿವೆ. ನೀವು ವಿಮಾನ ನಿಲ್ದಾಣಕ್ಕೆ ಬಂದ ಮೇಲೂ ಹೀಗೆ ನಿಲ್ಲಿಸಬಹುದು. ಬೇಜಾರು ಮಾಡಿಕೊಳ್ಳಬೇಡಿ, ಅದು ನಮ್ಮ ಪ್ರಾಣಿಯ ಒಳ್ಳೆಯದಕ್ಕೇ.

ದುಡ್ಡಿನ ಲೆಕ್ಕ ಎಷ್ಟೋ ಜನರನ್ನು ಬೆಚ್ಚಿಬೀಳಿಸುತ್ತದೆ. ಸರಕಾಗಿ ಕಳಿಸುವಾಗ ನಿಜವಾದ ತೂಕ, ಕ್ರೇಟ್ ಹಿಡಿಯುವ ಜಾಗದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6,000ದಿಂದ ಭಾಗಿಸುವುದು ವಾಡಿಕೆ. 102 × 69 × 76 ಅಳತೆಯ ಕ್ರೇಟ್ ಆದರೆ ಸುಮಾರು 89 ಕೆಜಿ ಬರುತ್ತದೆ. ನಾಯಿ, ಕ್ರೇಟ್ ಸೇರಿ 42 ಕೆಜಿ ಇದ್ದರೂ ನೀವು ಕಟ್ಟುವುದು 89 ಕೆಜಿಗೆ.

ಲಸಿಕೆ, ಚಿಪ್, ಕಾಗದ

ದೇಶದೊಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ರೇಬೀಸ್ ಲಸಿಕೆಯ ದಾಖಲೆ, ವೆಟ್ ಕೊಟ್ಟ ಆರೋಗ್ಯ ಪ್ರಮಾಣಪತ್ರ ಸಾಕು. ಪ್ರಮಾಣಪತ್ರ ತೀರಾ ಹಳೆಯದಿರಬಾರದು. ಹೊರಡುವ ದಿನಕ್ಕೆ ಹತ್ತು ದಿನದೊಳಗಿನದ್ದು ಬೇಕು ಅನ್ನುವುದು ಹಲವು ಕಡೆಯ ನಿಯಮ.

ದೇಶ ದಾಟುವುದಾದರೆ ತಿಂಗಳುಗಳ ಕೆಲಸ. ಇಲ್ಲಿ ಯಾವುದಾದ ಮೇಲೆ ಯಾವುದು ಅನ್ನುವುದು ತುಂಬ ಮುಖ್ಯ. ಮೊದಲು ಮೈಕ್ರೋಚಿಪ್ (ಚರ್ಮದ ಕೆಳಗೆ ಕೂರಿಸುವ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ. ಚಿಪ್ ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾದರಿಯ 15 ಅಂಕಿಯದ್ದಾಗಿರಲಿ. ಲಸಿಕೆ ಮೊದಲಾಗಿ ಚಿಪ್ ಆಮೇಲೆ ಹಾಕಿಸಿದ್ದರೆ ಯುರೋಪಿಯನ್ ಒಕ್ಕೂಟದಲ್ಲಿ ಆ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಅಲ್ಲಿಗೆ ಹೋಗಲು ಮರಿಗೆ 12 ವಾರ ತುಂಬಿದ ಮೇಲೆ ಮೊದಲ ರೇಬೀಸ್ ಲಸಿಕೆ, ಆಮೇಲೆ 21 ದಿನ ಕಾಯಬೇಕು. ಹೊರಡುವ ದೇಶ ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ ಲಸಿಕೆ ಹಾಕಿದ 30 ದಿನದ ನಂತರ ರೇಬೀಸ್ ಪ್ರತಿಕಾಯ ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ ಆಗಬೇಕು, ಫಲಿತಾಂಶ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಹೆಚ್ಚಿರಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ರೇಬೀಸ್ ಇರುವ ದೇಶದಿಂದ ಜಪಾನ್‌ಗೆ ಹೋಗುವುದಾದರೆ ಈ ಕಾಯುವಿಕೆ 180 ದಿನ. ಅಮೆರಿಕ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ನಾಯಿಮರಿಯನ್ನು ಒಳಗೆ ಬಿಡುವುದಿಲ್ಲ. ಬ್ರಿಟನ್‌ಗೆ ಹೋಗುವ ನಾಯಿಗೆ ಸಾಮಾನ್ಯವಾಗಿ ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳುವಿನ ಔಷಧಿ ಕೊಡಿಸಿ, ಸಮಯದ ಸಮೇತ ಬರೆಸಿಕೊಂಡಿರಬೇಕು.

ನಿಯಮಗಳು ಬದಲಾಗುತ್ತಿರುತ್ತವೆ. ಹೋಗುವ ದೇಶದ ಸರ್ಕಾರಿ ಪುಟವನ್ನೇ ನೋಡಿ, ಪರಿಚಯದವರು ಎರಡು ವರ್ಷದ ಹಿಂದೆ ಮಾಡಿದ್ದನ್ನು ನಂಬಿ ಹೋಗಬೇಡಿ. ವೆಟ್ ಹತ್ತಿರ ಹೋದಾಗ ಒಮ್ಮೆ ಚಿಪ್ ಸ್ಕ್ಯಾನ್ ಮಾಡಿಸಿ, ಬಂದ ನಂಬರನ್ನು ಪ್ರತಿ ಕಾಗದದ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಒಂದು ಅಂಕಿ ತಪ್ಪಿದರೂ ಅಲ್ಲಿ ನಿಮ್ಮ ಪ್ರಾಣಿ ಬೇರೆ ಪ್ರಾಣಿ.

ಕ್ರೇಟ್: ಅಳತೆಪಟ್ಟಿ ತಗೊಳ್ಳಿ

ಕ್ರೇಟ್ ಹೇಗಿರಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ, ಅಂದರೆ ಐಯಾಟಾದ, ಜೀವಂತ ಪ್ರಾಣಿಗಳ ನಿಯಮಾವಳಿ ಇದೆ. ಹೆಚ್ಚಿನ ಏರ್‌ಲೈನ್‌ಗಳು ನೋಡುವುದು ಅದನ್ನೇ. ನಾಯಿಯನ್ನು ನೆಟ್ಟಗೆ ನಿಲ್ಲಿಸಿ ನಾಲ್ಕು ಅಳತೆ ತಗೊಳ್ಳಿ. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಅಳೆದರೆ ಸುಲಭ.

ಎ: ಮೂಗಿನ ತುದಿಯಿಂದ ಬಾಲದ ಬುಡದವರೆಗೆ.
ಬಿ: ನೆಲದಿಂದ ಮುಂಗಾಲಿನ ಮೊಣಕೈವರೆಗೆ.
ಸಿ: ಭುಜದ ಅಗಲ, ಅಂದರೆ ಮೈಯ ಅತಿ ಅಗಲದ ಜಾಗ.
ಡಿ: ನೆಲದಿಂದ ತಲೆಯ ತುದಿವರೆಗೆ. ಕಿವಿ ನೆಟ್ಟಗಿದ್ದರೆ ಕಿವಿಯ ತುದಿವರೆಗೆ.

ಕ್ರೇಟ್ ಉದ್ದ ಎ ಜೊತೆಗೆ ಬಿ ಅರ್ಧ. ಅಗಲ ಸಿಯ ಎರಡರಷ್ಟು. ಎತ್ತರ ಡಿ ಜೊತೆಗೆ ಒಳಗೆ ಹಾಸುವ ಹಾಸಿಗೆಯ ದಪ್ಪ. ಚಿನ್ನುವಿನ ಲೆಕ್ಕ ನೋಡಿ: ಎ 80, ಬಿ 34, ಸಿ 22, ಡಿ 64 ಸೆಂಟಿಮೀಟರ್. ಉದ್ದ 80 + 17, ಅಂದರೆ 97. ಅಗಲ 44. ಹಾಸಿಗೆ 3 ಸೆಂಟಿಮೀಟರ್ ದಪ್ಪ, ಹಾಗಾಗಿ ಎತ್ತರ 67. ಇದು ಒಳಗಿನ ಅಳತೆ ಅನ್ನುವುದನ್ನು ನೆನಪಿಡಿ. ಕ್ರೇಟ್ ಮೇಲೆ ಅಂಟಿಸಿರುವುದು ಸಾಮಾನ್ಯವಾಗಿ ಹೊರಗಿನ ಅಳತೆ. ಪ್ಲಾಸ್ಟಿಕ್ ಕ್ರೇಟ್‌ಗಳ ಗೋಡೆ ಮೇಲಕ್ಕೆ ಹೋದಂತೆ ಒಳಗೆ ವಾಲಿರುತ್ತದೆ, ಅಲ್ಲೂ ಜಾಗ ಕಡಿಮೆಯಾಗುತ್ತದೆ. ಎರಡು ಅಳತೆಯ ನಡುವೆ ಸಿಕ್ಕಿಕೊಂಡರೆ ದೊಡ್ಡದನ್ನೇ ತಗೊಳ್ಳಿ. ಕೌಂಟರ್‌ನಲ್ಲಿ ಅವರು ನೋಡುವುದು ಇಷ್ಟೇ: ನಾಯಿ ತಲೆ ತಾಗದೆ ನಿಲ್ಲುತ್ತಾ, ಸುತ್ತ ತಿರುಗುತ್ತಾ, ಕಾಲು ಚಾಚಿ ಮಲಗುತ್ತಾ?

ಕ್ರೇಟ್ ಗಟ್ಟಿ ಪ್ಲಾಸ್ಟಿಕ್, ಮರ ಅಥವಾ ಲೋಹದ್ದಾಗಿರಬೇಕು. ಬಟ್ಟೆಯದ್ದು, ಮಡಚುವ ತಂತಿ ಪಂಜರ ನಡೆಯುವುದಿಲ್ಲ. ಬಾಗಿಲು ಲೋಹದ್ದಿರಲಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ನಾಲ್ಕೂ ಬದಿಯಲ್ಲಿ ಗಾಳಿಕಿಂಡಿ ಬೇಕು, ಆದರೆ ಅದರಲ್ಲಿ ಮೂಗು, ಪಂಜ ಹೊರಬರಬಾರದು. ಚಕ್ರ ಇದ್ದರೆ ಬಿಚ್ಚಿಬಿಡಿ.

ಮೇಲಿನ ಭಾಗ, ಕೆಳಗಿನ ಭಾಗ ಕೂಡಿಸುವ ಕಡೆ ಪ್ಲಾಸ್ಟಿಕ್ ಕ್ಲಿಪ್ ಇದ್ದರೆ ಅದನ್ನು ನಂಬಲೇಬೇಡಿ. ಎರಡನೇ ಪ್ರಯಾಣದಲ್ಲಿ ನನಗೆ ಆದದ್ದು ಇದೇ. ಕೌಂಟರ್‌ನಲ್ಲಿದ್ದವರು ಕ್ರೇಟ್‌ನ ಅಂಚು ಹಿಡಿದು ಒಮ್ಮೆ ಎಳೆದರು, ಒಂದು ಕ್ಲಿಪ್ ಟಪ್ ಅಂತ ಬಿಚ್ಚಿಕೊಂಡಿತು. "ಇದು ಆಗಲ್ಲ" ಅಂದರು. ನನಗೆ ಕಣ್ಣಲ್ಲಿ ನೀರು. ಪುಣ್ಯಕ್ಕೆ ಪಕ್ಕದಲ್ಲಿ ಸರಕು ಕಟ್ಟುತ್ತಿದ್ದ ಒಬ್ಬರು ತಮ್ಮ ಡಬ್ಬಿಯಿಂದ ಕಬ್ಬಿಣದ ನಟ್ ಬೋಲ್ಟ್ ಹುಡುಕಿ ಕೊಟ್ಟರು. ಅವರು ಎಳೆದು ನೋಡಿದ್ದು ಎಷ್ಟು ಒಳ್ಳೆಯದಾಯಿತು ಅಂತ ಈಗಲೂ ಅನ್ನಿಸುತ್ತದೆ. ಆ ಕ್ಲಿಪ್ ರನ್‌ವೇ ಪಕ್ಕದಲ್ಲಿ ಬಿಚ್ಚಿಕೊಂಡಿದ್ದರೆ? ಎಲ್ಲ ತೂತಿಗೂ ಲೋಹದ ನಟ್ ಬೋಲ್ಟ್ ಹಾಕಿ, ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಬಾಗಿಲಿನ ನಾಲ್ಕು ಮೂಲೆಗೆ ಜಿಪ್ ಟೈ ಬೇಕು, ಆದರೆ ಅದನ್ನು ತಪಾಸಣೆ ಮುಗಿದ ಮೇಲೆ ಕಟ್ಟಿ.

ಬಾಗಿಲ ಒಳಬದಿಗೆ ಎರಡು ಬೌಲ್ ಸಿಕ್ಕಿಸಿ, ಬಾಗಿಲು ತೆಗೆಯದೆ ಹೊರಗಿನಿಂದ ನೀರು ಸುರಿಯುವ ಹಾಗಿರಬೇಕು. ತಳಕ್ಕೆ ಉಚ್ಚೆ ಹೀರುವ ಪ್ಯಾಡ್, ಅದರ ಮೇಲೆ ತೆಳು ಹಾಸಿಗೆ. ಹೊರಗೆ ಜೀವಂತ ಪ್ರಾಣಿ ಅನ್ನುವ ಹಸಿರು ಲೇಬಲ್, ಮೇಲ್ಮುಖ ಬಾಣದ ಲೇಬಲ್. ನಿಮ್ಮ ಹೆಸರು, ಎರಡೂ ಊರಿನ ಫೋನ್ ನಂಬರ್, ಪ್ರಾಣಿಯ ಹೆಸರು, ಒಂದು ಫೋಟೋ. ಪ್ರಾಣಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಿರಿ. ಹೊತ್ತು ಸಾಗಿಸುವವರು ಹೆಸರು ಹಿಡಿದು ಮಾತಾಡಿಸಿದರೆ ಆ ಜೀವಕ್ಕೆ ಅಷ್ಟೇ ಸಮಾಧಾನ, ಅಲ್ವಾ?

ಕ್ರೇಟ್ ಅದರ ಮನೆಯಾಗಬೇಕು

ಇಡೀ ತಯಾರಿಯಲ್ಲಿ ಒಂದನ್ನು ಮಾತ್ರ ಚೆನ್ನಾಗಿ ಮಾಡಲು ಸಮಯವಿದೆ ಅಂದರೆ ಇದನ್ನು ಮಾಡಿ. ಕಡಿಮೆ ಅಂದರೂ ಆರು ವಾರ ಬೇಕು. ಹಿಂಜರಿಯುವ ಸ್ವಭಾವದ ಪ್ರಾಣಿಗೆ ಇನ್ನೂ ಜಾಸ್ತಿ.

ಮೊದಲ ವಾರ ಕ್ರೇಟ್‌ನ ಬಾಗಿಲು ಕಳಚಿ, ಮನೆಯವರು ಕೂರುವ ಕೋಣೆಯಲ್ಲಿ ಸುಮ್ನೆ ಇಟ್ಟುಬಿಡಿ. ಒಳಗೆ ಅದರ ಹಳೇ ಹೊದಿಕೆ ಹಾಸಿ. ಹೋಗು ಅಂತ ತಳ್ಳಬೇಡಿ, ಕರೆಯಲೂ ಬೇಡಿ. ಊಟದ ತಟ್ಟೆಯನ್ನು ಮೊದಲು ಹೊಸ್ತಿಲ ಹತ್ತಿರ ಇಡಿ, ದಿನಕ್ಕೆ ಒಂದು ಗೇಣಿನಷ್ಟು ಒಳಗೆ ಸರಿಸುತ್ತಾ ಹೋಗಿ. ಚಿನ್ನು ನಾಲ್ಕು ದಿನ ಹಿಂಗಾಲನ್ನು ಹೊರಗೇ ಊರಿಕೊಂಡು, ಕತ್ತು ಚಾಚಿ ತಿಂದಳು. ಐದನೇ ದಿನ ಪೂರ್ತಿ ಒಳಗೆ ಹೋದಳು. ಎಂಟನೇ ದಿನ ಮಧ್ಯಾಹ್ನ ನೋಡಿದರೆ ತಾನಾಗೇ ಒಳಗೆ ಹೋಗಿ ಗೊರಕೆ ಹೊಡೆಯುತ್ತಿದ್ದಳು.

ಆಮೇಲೆ ಬಾಗಿಲು ಜೋಡಿಸಿ. ತಿನ್ನುವಾಗ ಮುಚ್ಚಿ, ತಿಂದಾದ ಕೂಡಲೇ ತೆಗೆಯಿರಿ. ಐದು ನಿಮಿಷ, ಹದಿನೈದು, ಅರ್ಧ ಗಂಟೆ ಅಂತ ಹೆಚ್ಚಿಸಿ. ನೀವು ಪಕ್ಕದ ಕೋಣೆಗೆ ಹೋಗಿ, ಆಮೇಲೆ ಮನೆಯಿಂದ ಹೊರಗೆ. ಅಳುತ್ತಿರುವಾಗ ಬಾಗಿಲು ತೆಗೆದರೆ ಅತ್ತರೆ ತೆಗೆಯುತ್ತಾರೆ ಅಂತ ಕಲಿಯುತ್ತದೆ. ಒಂದು ಕ್ಷಣ ಸುಮ್ಮನಾದಾಗ ತೆಗೆಯಿರಿ. ಆದರೆ ಜೊಲ್ಲು ಸುರಿಸಿ ನಡುಗುತ್ತಿದ್ದರೆ ಅದು ಹಟ ಅಲ್ಲ, ಭಯ. ತಕ್ಷಣ ತೆಗೆದು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಶುರು ಮಾಡಿ.

ರಾತ್ರಿಯೆಲ್ಲ ಬಾಗಿಲು ಮುಚ್ಚಿ ಮಲಗುವಷ್ಟಾದ ಮೇಲೆ ಕ್ರೇಟ್ ಸಮೇತ ಕಾರಿನಲ್ಲಿ ಸುತ್ತಾಡಿಸಿ. ಎತ್ತಿ ಇಳಿಸಿ. ಎಂಜಿನ್ ಸದ್ದನ್ನು ಮೆಲ್ಲಗೆ ಹಾಕಿ, ದಿನದಿನಕ್ಕೆ ಸ್ವಲ್ಪ ಜೋರು ಮಾಡಿ, ಕೋಣೆ ಕತ್ತಲೆ ಮಾಡಿ. ಬಾಗಿಲಿಗೆ ಸಿಕ್ಕಿಸಿದ ಬೌಲ್‌ನಿಂದ ನೀರು ಕುಡಿಯುವುದನ್ನೂ ಕಲಿಸಬೇಕು. ಎಷ್ಟೋ ಪ್ರಾಣಿಗಳು ಅಭ್ಯಾಸ ಇಲ್ಲದೆ ಬಾಯಾರಿಕೊಂಡೇ ಕೂರುತ್ತವೆ.

ನಿದ್ದೆ ಮಾತ್ರೆ ಬೇಡ

"ಒಂದು ಮಾತ್ರೆ ಕೊಟ್ಟರೆ ಮಲಗಿಬಿಡುತ್ತೆ" ಅನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಂಪರಿನ ಔಷಧಿ ರಕ್ತದೊತ್ತಡ ಇಳಿಸುತ್ತದೆ, ಮೈಯ ಬಿಸಿ ಕಾಯ್ದುಕೊಳ್ಳುವ ಶಕ್ತಿ ಕಡಿಮೆ ಮಾಡುತ್ತದೆ. ಕ್ರೇಟ್ ವಾಲಿದಾಗ ಎಚ್ಚರವಿರುವ ನಾಯಿ ಕಾಲೂರಿ ನಿಲ್ಲುತ್ತದೆ, ಮಂಪರಿನಲ್ಲಿರುವುದು ಗೋಡೆಗೆ ಹೋಗಿ ಬಡಿಯುತ್ತದೆ. ಏನಾದರೂ ಆದರೆ ನೋಡಲು ಕೆಳಗೆ ಯಾರೂ ಇರುವುದಿಲ್ಲ. ಮಂಪರು ಬರಿಸಿದ ಪ್ರಾಣಿಯನ್ನು ಹಲವು ಏರ್‌ಲೈನ್‌ಗಳು ತೆಗೆದುಕೊಳ್ಳುವುದೂ ಇಲ್ಲ. ತುಂಬ ಗಾಬರಿಯ ಪ್ರಾಣಿ ಆದರೆ ವಾರಗಟ್ಟಲೆ ಮೊದಲೇ ವೆಟ್ ಹತ್ತಿರ ಮಾತಾಡಿ, ಹೊರಡುವ ಬೆಳಿಗ್ಗೆ ಹೊಸ ಔಷಧಿ ಪ್ರಯೋಗ ಬೇಡವೇ ಬೇಡ.

ಹಿಂದಿನ ದಿನ, ಹೊರಡುವ ದಿನ

ಉಗುರು ಕತ್ತರಿಸಿ. ಉದ್ದ ಉಗುರು ಜಾಲರಿಗೆ ಸಿಕ್ಕಿ ಕಿತ್ತು ಬರುತ್ತದೆ. ಒಂದು ಬೌಲ್‌ನಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿಡಿ. ಸಾಗಿಸುವಾಗ ಚೆಲ್ಲುವುದಿಲ್ಲ, ಮೆಲ್ಲಗೆ ಕರಗಿ ಕುಡಿಯಲು ಸಿಗುತ್ತದೆ. ನೀವು ಎರಡು ರಾತ್ರಿ ಹಾಕಿಕೊಂಡ ಹಳೇ ಬಟ್ಟೆಯೊಂದನ್ನು ಒಗೆಯದೆ ಒಳಗೆ ಹಾಸಿ.

ಚೆಕ್-ಇನ್‌ಗೆ ನಾಲ್ಕರಿಂದ ಆರು ಗಂಟೆ ಮೊದಲು ಹಗುರ ಊಟ ಸಾಕು. ಹೊಟ್ಟೆ ತುಂಬಿದ್ದರೆ ವಾಂತಿ ಮಾಡಿಕೊಳ್ಳುತ್ತದೆ. ನೀರು ಮಾತ್ರ ಕೊನೆಯವರೆಗೂ ಕೊಡಿ. ಮನೆ ಬಿಡುವ ಮೊದಲು ಒಳ್ಳೆ ನಡಿಗೆ, ನಿಲ್ದಾಣದ ಹೊರಗೆ ಇನ್ನೊಂದು. ದಣಿದ ನಾಯಿಗೆ ನಿದ್ದೆ ಬೇಗ ಬರುತ್ತದೆ. ಕ್ರೇಟ್ ಒಳಗೆ ಹೋಗುವಾಗ ಬಾಯಿಕಟ್ಟು ಇರಬಾರದು. ಬಾಯಿ ಕಟ್ಟಿದರೆ ಏದುಸಿರು ಬಿಡಲಾಗದು. ಕುಣಿಕೆಯ ಹಾಗೆ ಬಿಗಿಯುವ ಕಾಲರ್, ಲೀಶ್, ಗಟ್ಟಿ ಆಟಿಕೆ, ಮೂಳೆ ಯಾವುದೂ ಒಳಗಿರಬಾರದು.

ಕೌಂಟರ್‌ನಲ್ಲಿ

ಕಾರ್ಗೋ ಟರ್ಮಿನಲ್ ಪ್ರಯಾಣಿಕರ ಟರ್ಮಿನಲ್‌ಗಿಂತ ಬೇರೆ ಜಾಗದಲ್ಲಿರುತ್ತದೆ, ಕೆಲವೊಮ್ಮೆ ಕಿಲೋಮೀಟರ್‌ಗಟ್ಟಲೆ ದೂರ. ಹಿಂದಿನ ದಿನವೇ ದಾರಿ ನೋಡಿಕೊಳ್ಳಿ. ಮೂಲ ಕಾಗದಗಳು ಕೈಯಲ್ಲಿರಲಿ, ಒಂದು ಕಟ್ಟು ಪ್ರತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕ್ರೇಟ್ ಮೇಲೆ ಅಂಟಿಸಿ.

ಭದ್ರತಾ ತಪಾಸಣೆಯಲ್ಲಿ ಪ್ರಾಣಿಯನ್ನು ಹೊರತೆಗೆದು ಖಾಲಿ ಕ್ರೇಟನ್ನು ನೋಡುತ್ತಾರೆ. ಬೆಕ್ಕು ಸಾಕಿದವರು ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಕಾರ್ಗೋ ಶೆಡ್‌ನಲ್ಲಿ ಒಂದು ಬೆಕ್ಕು ಯಜಮಾನಿಯ ತೋಳಿಂದ ಜಾರಿ, ಸರಕಿನ ರಾಶಿಯ ಕೆಳಗೆ ಹೊಕ್ಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಎರಡು ಗಂಟೆ ಹುಡುಕಿದರು, ವಿಮಾನ ಹೊರಟೇ ಹೋಯಿತು. ಬೆಕ್ಕಿಗೆ ಮನೆಯಲ್ಲೇ ಎದೆಪಟ್ಟಿ ತೊಡಿಸಿ, ಅದರ ದಾರ ನಿಮ್ಮ ಮಣಿಕಟ್ಟಿಗೆ ಸುತ್ತಿಕೊಂಡಿರಲಿ. ಮುಚ್ಚಿದ ಕೋಣೆಯಲ್ಲಿ ತಪಾಸಣೆ ಮಾಡಿ ಅಂತ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಮುಗಿದ ಮೇಲೆ ದಾರ, ಪಟ್ಟಿ ಬಿಚ್ಚಿಕೊಂಡು ಜಿಪ್ ಟೈ ಬಿಗಿಯಿರಿ.

ಬಿಟ್ಟು ಹೊರಡುವಾಗ ಅಳಬೇಡಿ, ಅಪ್ಪಿ ಮುದ್ದಾಡಬೇಡಿ. ನಿಮ್ಮ ದನಿಯ ನಡುಕ ಅದಕ್ಕೆ ಗೊತ್ತಾಗುತ್ತದೆ. ದಿನಾ ಆಫೀಸಿಗೆ ಹೋಗುವಾಗ ಹೇಳುವ ಮಾತನ್ನೇ ಹೇಳಿ ಎದ್ದುಬಿಡಿ. ಅದೇ ವಿಮಾನದಲ್ಲಿ ನೀವೂ ಇದ್ದರೆ ಹತ್ತಿದ ಕೂಡಲೇ ಸಿಬ್ಬಂದಿಗೆ ಹೇಳಿ: "ಕೆಳಗೆ ನನ್ನ ನಾಯಿ ಇದೆ. ಹತ್ತಿಸಿದ್ದಾರಾ, ಕ್ಯಾಪ್ಟನ್‌ಗೆ ಗೊತ್ತಿದೆಯಾ ಅಂತ ಒಮ್ಮೆ ಕೇಳ್ತೀರಾ?" ಬಾಗಿಲು ಮುಚ್ಚುವ ಮೊದಲೇ ಕೇಳಿ.

ಇಳಿದ ಮೇಲೆ

ಕ್ರೇಟ್ ಸಿಕ್ಕ ಕೂಡಲೇ ಬಾಗಿಲು ತೆಗೆಯುವ ಆಸೆ ತಡೆಯಲಾಗುವುದಿಲ್ಲ. ತಡೆದುಕೊಳ್ಳಿ. ಗೊತ್ತಿಲ್ಲದ ಜಾಗ, ಗದ್ದಲ, ಬೆದರಿದ ಪ್ರಾಣಿ: ಓಡಿದರೆ ಸಿಗುವುದು ಕಷ್ಟ. ಜಾಲರಿಯಲ್ಲಿ ಬೆರಳು ತೂರಿಸಿ ಮಾತಾಡಿಸಿ. ಹೊರಗಿನಿಂದಲೇ ಬೌಲ್‌ಗೆ ನೀರು ಹಾಕಿ. ಗೇಟು ಹಾಕಿದ ಜಾಗ ಅಥವಾ ಮುಚ್ಚಿದ ಕಾರು ಸಿಕ್ಕ ಮೇಲೆ ಜಿಪ್ ಟೈ ಕತ್ತರಿಸಿ, ಅರ್ಧ ಬಾಗಿಲು ತೆಗೆದು ಮೊದಲು ಲೀಶ್ ಹಾಕಿ. ಕತ್ತರಿ ಚೆಕ್-ಇನ್ ಬ್ಯಾಗಿನಲ್ಲಿರಲಿ, ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ಕಸಿದುಕೊಳ್ಳಬಹುದು. ಬೆಕ್ಕಾದರೆ ಹೊಸ ಮನೆಯ ಒಂದು ಕೋಣೆ ಸೇರಿ, ಕಿಟಕಿ ಬಾಗಿಲು ಹಾಕಿದ ಮೇಲಷ್ಟೇ ತೆರೆಯಿರಿ.

ಒಸಡು ಕೆಂಪಗೆ ಅಥವಾ ಬಿಳಿಚಿದ್ದರೆ, ಏದುಸಿರು ನಿಲ್ಲದಿದ್ದರೆ, ಜೊಲ್ಲು ಅಂಟಂಟಾಗಿದ್ದರೆ, ನಡೆಯಲು ತೂರಾಡಿದರೆ ಮನೆಗೆ ಹೋಗಬೇಡಿ, ಸೀದಾ ವೆಟ್ ಹತ್ತಿರ ಹೋಗಿ. ಆ ಊರಿನ ವೆಟ್ ನಂಬರ್ ಹೊರಡುವ ಮೊದಲೇ ಫೋನಿನಲ್ಲಿರಲಿ. ದಾರಿಯಲ್ಲಿ ಹೊಟ್ಟೆ, ಪಂಜ ಒದ್ದೆ ಮಾಡಿ ಗಾಳಿ ತಾಗಿಸಿ.

ಇದ್ಯಾವುದೂ ಇಲ್ಲದಿದ್ದರೆ ಸ್ವಲ್ಪ ಸ್ವಲ್ಪ ನೀರು, ಒಂದು ಗಂಟೆ ಬಿಟ್ಟು ಎಂದಿನ ಊಟದ ಅರ್ಧ. ಒಂದೆರಡು ದಿನ ಊಟ ಬಿಡುವುದು, ಜಾಸ್ತಿ ನಿದ್ದೆ ಮಾಡುವುದು, ನೀವು ಹೋದಲ್ಲೆಲ್ಲ ಹಿಂದೆ ಬರುವುದು ಸಹಜ. ಬೆಕ್ಕು ಮಾತ್ರ ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ವೆಟ್‌ಗೆ ಫೋನ್ ಮಾಡಿ. ಕ್ರೇಟನ್ನು ತೊಳೆದು, ಬಾಗಿಲು ಕಳಚಿ, ಹೊಸ ಮನೆಯ ಒಂದು ಮೂಲೆಯಲ್ಲಿ ಹಾಗೇ ಇಡಿ. ಚಿನ್ನು ಹೊಸ ಮನೆಯಲ್ಲಿ ಮೊದಲ ವಾರ ಮಲಗಿದ್ದು ಅದರೊಳಗೇ.